ಮುಂದಿನ ಚುನಾವಣೆಯ ಫಲಿತಾಂಶ: ಭವಿಷ್ಯ ನುಡಿಯುವ ಮುನ್ನ

(ಅಹಮದಾಬಾದಿನಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕಳೆದ ತಿಂಗಳು ನಮ್ಮ ಕಾರ್ಯದರ್ಶಿಗಳು ದೂರವಾಣಿಯಲ್ಲಿ, "ಸಾಹೇಬ್ರ, ನೀವು ಅಂಕಿಅಂಶದ ಮಂದಿ. ಮುಂದಿನ ಲೋಕಸಭೆಗೆ ಯಾರು ಬರ್ತಾರ ಅನ್ನೋದನ್ನ ಒಂದು ತಾಸು ಹೇಳಿಬಿಡ್ರಿ" ಎಂದರು. ಸಂಕೋಚದಿಂದಲೇ ಒಪ್ಪಿಕೊಂಡೆ. ಆ ಸಂಕೋಚಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ಶಾಸನಬದ್ಧವಾದದ್ದು. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964, ಇವುಗಳ 5ನೆಯ ನಿಯಮದ ಪ್ರಕಾರ ಸರ್ಕಾರಿ ನೌಕರನು ಮತ ಚಲಾಯಿಸಬಹುದು. ಆದರೆ ಯಾರಿಗೆ ಚಲಾಯಿಸುವೆನೆಂದಾಗಲಿ, ಚಲಾಯಿಸಿದೆನೆಂದಾಗಲಿ ಸುಳಿವು ಕೊಡಕೂಡದು. ಆದ್ದರಿಂದ ಇಂದಿನ ನನ್ನ ಮಾತಿನಲ್ಲಿ ಯಾವ ಪಕ್ಷಕ್ಕೂ ಹರಕೆಯಿಲ್ಲ, ಶಾಪವೂ ಇಲ್ಲ. ಎರಡನೆಯ ಕಾರಣ ವೈಯಕ್ತಿಕವಾದದ್ದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಸುಮಾರು ಮೂವತ್ತು ವರ್ಷಗಳಿಂದ ನಾನು ಯಾರ ಮುಂದೆಯೂ ಚುನಾವಣೆಯ ಭವಿಷ್ಯ ನುಡಿದಿಲ್ಲ.

ನಾನು ರಾಣೆಬೆನ್ನೂರು ಸೀಮೆಯವನು. ನಮ್ಮ ಭಾಗದವರಿಗೆ ಭವಿಷ್ಯವಾಣಿ ಹೊಸದಲ್ಲ. ಭಾರತ ಹುಣ್ಣಿಮೆಯ ಸಮಯದಲ್ಲಿ ಮೈಲಾರದಲ್ಲಿ, ದಸರೆಯ ಸಮಯದಲ್ಲಿ ದೇವರಗುಡ್ಡದಲ್ಲಿ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಸದ್ದಡಗಿಸಲು ಕೂಗಿ, ಒಂದೇ ಒಂದು ವಾಕ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ಸಾವಿರಾರು ಜನ ಆ ವಾಕ್ಯವನ್ನು ಹೊತ್ತುಕೊಂಡು ಊರಿಗೆ ಮರಳುತ್ತಾರೆ. ಒಕ್ಕಲಿಗನು ಅದರಲ್ಲಿ ಮಳೆಯನ್ನು ಕಾಣುತ್ತಾನೆ, ವ್ಯಾಪಾರಿಯು ಧಾರಣೆಯನ್ನು ಕಾಣುತ್ತಾನೆ, ರಾಜಕಾರಣಿಯು ಕುರ್ಚಿಯನ್ನು ಕಾಣುತ್ತಾನೆ. ವರ್ಷ ಕಳೆದ ಮೇಲೆ ಎಲ್ಲರಿಗೂ ಅದು ನಿಜವಾಯಿತೆಂದೇ ತೋರುತ್ತದೆ. ತಂದೆಯವರ ಹೆಗಲ ಮೇಲೆ ಕುಳಿತು ಕಾರಣಿಕ ಕೇಳಿದವನು ನಾನು. ಅದನ್ನು ಹಾಸ್ಯ ಮಾಡುವ ಮನಸ್ಸು ನನಗಿಲ್ಲ. ಗೊರವಯ್ಯನು ತನ್ನ ನುಡಿಗೆ ವಿಜ್ಞಾನದ ಮುದ್ರೆ ಒತ್ತುವುದಿಲ್ಲ. ದೂರದರ್ಶನದ ಪರದೆಯ ಮೇಲೆ ಬಣ್ಣದ ನಕ್ಷೆಗಳ ನಡುವೆ ಕುಳಿತು 350ರಿಂದ 400 ಸ್ಥಾನ ಎಂದು ನುಡಿಯುವವರು ಒತ್ತುತ್ತಾರೆ. ಪರಿಶೀಲನೆಗೆ ಅರ್ಹವಾದದ್ದು ಆ ಮುದ್ರೆ.

2024ರ ಜೂನ್ 1ರ ಸಂಜೆ ನಡೆದದ್ದನ್ನು ಸ್ಮರಿಸಿಕೊಳ್ಳಿ. ಕೊನೆಯ ಹಂತದ ಮತದಾನ ಮುಗಿದ ಮೇಲೆ ಮತಗಟ್ಟೆ ಸಮೀಕ್ಷೆಗಳು ಹೊರಬಿದ್ದವು. ಅಷ್ಟರವರೆಗೆ ಅವುಗಳನ್ನು ಪ್ರಕಟಿಸುವಂತಿಲ್ಲ. ಪ್ರಜಾಪ್ರಾತಿನಿಧ್ಯ ಕಾಯಿದೆಗೆ 2009ರ ತಿದ್ದುಪಡಿಯ ಮೂಲಕ ಸೇರಿಸಿದ 126ಎ ವಿಧಿ ಅದನ್ನು ನಿಷೇಧಿಸುತ್ತದೆ. ಬಹುತೇಕ ಸಮೀಕ್ಷೆಗಳು ಆಡಳಿತ ಮೈತ್ರಿಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನಗಳನ್ನು ಕೊಟ್ಟವು. ಈ ಊರಿನಲ್ಲಿ ಷೇರು ಪೇಟೆಯ ವ್ಯವಹಾರವಿಲ್ಲದ ಮನೆ ಅಪರೂಪ, ಹೀಗಾಗಿ ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜೂನ್ 3ರಂದು ಸೆನ್ಸೆಕ್ಸ್ ಸುಮಾರು 2,500 ಅಂಶ ಏರಿತು. ಎಣಿಕೆಯ ದಿನವಾದ ಜೂನ್ 4ರಂದು ಸುಮಾರು 4,400 ಅಂಶ ಕುಸಿಯಿತು. ಮೈತ್ರಿಕೂಟಕ್ಕೆ ದೊರೆತದ್ದು 293 ಸ್ಥಾನ, ಭಾರತೀಯ ಜನತಾ ಪಕ್ಷಕ್ಕೆ 240, ಕಾಂಗ್ರೆಸ್ಸಿಗೆ 99. ಸರ್ಕಾರ ರಚಿಸುವವರು ಯಾರೆಂಬುದು ಸರಿಯಾಗಿತ್ತು. ಆದರೆ ಸ್ವಂತ ಬಹುಮತದ ಸರ್ಕಾರವೇ, ಮಿತ್ರರ ಆಸರೆಯ ಸರ್ಕಾರವೇ ಎಂಬ ಮುಖ್ಯ ಪ್ರಶ್ನೆಗೆ ಬಂದ ಉತ್ತರ ತಪ್ಪಾಗಿತ್ತು. ಕೂಸು ಹುಟ್ಟುವ ಮುನ್ನ ಹೊಲಿಸಿದ ಕುಲಾವಿ ಕೂಸಿನ ತಲೆಗೆ ದೊಡ್ಡದಾಯಿತು.

ಇದು ಏಕಾಯಿತು? ಸಮೀಕ್ಷೆ ನಡೆಸಿದವರೆಲ್ಲ ಅಪ್ರಾಮಾಣಿಕರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ವೃತ್ತಿಯೇ ಮಾದರಿ ಸಮೀಕ್ಷೆಯಾದ್ದರಿಂದ ಆ ಸುಲಭದ ದಾರಿಯನ್ನು ನಾನು ಹಿಡಿಯಲಾರೆ. ಮೂಲತತ್ತ್ವ ಸರಿಯಾದದ್ದೇ. ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ತಾಯಂದಿರು ಪಾತ್ರೆಯನ್ನೆಲ್ಲ ಬರಿದು ಮಾಡುವುದಿಲ್ಲ. ಒಂದು ಅಗುಳು ಹಿಸುಕುತ್ತಾರೆ. ಸರಿಯಾಗಿ ಆಯ್ದ ಒಂದು ಸಾವಿರ ಜನರನ್ನು ಕೇಳಿದರೆ, ನಗರವಾಗಲಿ, ರಾಜ್ಯವಾಗಲಿ, ದೇಶವಾಗಲಿ, ಉತ್ತರವು ಸಾಮಾನ್ಯವಾಗಿ ಶೇ. 3ರಷ್ಟು ಆಚೀಚೆ ನಿಜದ ಹತ್ತಿರವಿರುತ್ತದೆ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸತ್ಯ ದೊಡ್ಡದಾಗುವುದಿಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 24 ಲಕ್ಷ ಜನರ ಉತ್ತರ ಪಡೆದು, ರೂಸ್ವೆಲ್ಟ್ ಸೋಲುವರೆಂದು ಸಾರಿತು. ರೂಸ್ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆಯು ಹೆಸರುಗಳನ್ನು ಆಯ್ದದ್ದು ದೂರವಾಣಿ ಮತ್ತು ಕಾರು ಹೊಂದಿದ್ದವರ ಪಟ್ಟಿಗಳಿಂದ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಬಡವರು ಆ ಪಟ್ಟಿಗಳಲ್ಲಿ ಇರಲಿಲ್ಲ.

ಇನ್ನು ನಮ್ಮ ದೇಶದ ಪಾತ್ರೆಯಲ್ಲಿರುವುದು ಬಿಳಿ ಅನ್ನವಲ್ಲ, ಬಿಸಿಬೇಳೆಭಾತು. ಅಕ್ಕಿ ಬೆಂದಿದ್ದರೆ ಬೇಳೆ ಬೆಂದಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಮತಗಳನ್ನು ಸ್ಥಾನಗಳಾಗಿ ಪರಿವರ್ತಿಸುವುದು. ಈ ಅಂಕಿಗಳನ್ನು ಗಮನವಿಟ್ಟು ಕೇಳಿ. 2019ರಲ್ಲಿ ಭಾರತೀಯ ಜನತಾ ಪಕ್ಷ ಪಡೆದ ಮತ ಶೇ. 37.36, ಸ್ಥಾನಗಳು 303. 2024ರಲ್ಲಿ ಪಡೆದ ಮತ ಶೇ. 36.56, ಸ್ಥಾನಗಳು 240. ಮತಗಳಲ್ಲಿ ಶೇ. 1ರಷ್ಟೂ ಇಳಿಕೆಯಿಲ್ಲ, ಸ್ಥಾನಗಳಲ್ಲಿ 63ರ ಇಳಿಕೆ! ಉತ್ತರ ಪ್ರದೇಶದಲ್ಲಿ 62 ಇದ್ದದ್ದು 33ಕ್ಕಿಳಿಯಿತು; ಮಹಾರಾಷ್ಟ್ರದಲ್ಲಿ 23 ಇದ್ದದ್ದು 9ಕ್ಕಿಳಿಯಿತು. ಅದೇ ವೇಳೆಗೆ ತಮಿಳುನಾಡಿನಲ್ಲಿ ಆ ಪಕ್ಷದ ಮತ ಶೇ. 11ನ್ನು ದಾಟಿತು, ಸ್ಥಾನ ಒಂದೂ ಬರಲಿಲ್ಲ. ಒಂದು ಕಡೆ ಕಳೆದುಕೊಂಡ ಮತ ಸ್ಥಾನಗಳನ್ನು ಕೊಂಡೊಯ್ದಿತು. ಇನ್ನೊಂದು ಕಡೆ ಗಳಿಸಿದ ಮತ ಸ್ಥಾನಗಳನ್ನು ತರಲಿಲ್ಲ. ಶೇ. 3ರಷ್ಟು ಆಚೀಚೆ ಅಳೆಯುವ ತಕ್ಕಡಿಯಲ್ಲಿ ಶೇ. 0.8ರ ವ್ಯತ್ಯಾಸವನ್ನು ತೂಗುವುದು ಹೇಗೆ? ಅದು ತೊಗರಿಯ ಮೂಟೆ ತೂಗುವ ತಕ್ಕಡಿಯಲ್ಲಿ ಗುಲಗಂಜಿ ತೂಗಹೊರಟಂತೆ. ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನು ಗೆಲ್ಲುವ ಪದ್ಧತಿಯಲ್ಲಿ ಇದು ಅನಿವಾರ್ಯ. ಸಮೀಕ್ಷಕನ ತಪ್ಪು ಅಳತೆಯಲ್ಲಿರುವುದಕ್ಕಿಂತ ಹೆಚ್ಚಾಗಿ ತನ್ನ ತಕ್ಕಡಿಯ ಮಿತಿಯನ್ನು ಗಟ್ಟಿಯಾಗಿ ಹೇಳದಿರುವುದರಲ್ಲಿದೆ.

ಮೂರನೆಯ ತೊಡಕು ನನ್ನ ಕ್ಷೇತ್ರಕಾರ್ಯದ ಅನುಭವದಿಂದ ಬಂದದ್ದು. ಅದು ಚುನಾವಣೆಯ ಸಮೀಕ್ಷೆಯಲ್ಲ, ಮನೆವಾರು ಖರ್ಚಿನ ಸಮೀಕ್ಷೆ. ಅಹಮದಾಬಾದಿನ ಹಳೆಯ ಪೋಳವೊಂದರಲ್ಲಿ ಜಗಲಿಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ನನ್ನ ಮೊದಲ ಪ್ರಶ್ನೆಗೆ ಪ್ರತಿಯಾಗಿ ತಾವೇ ಪ್ರಶ್ನೆ ಹಾಕಿದರು: "ತಮೆ ಕೋನಾ ತರಫ್‌ಥೀ ಆವ್ಯಾ ಛೋ?" ಯಾರ ಕಡೆಯಿಂದ ಬಂದಿದ್ದೀಯಪ್ಪಾ ಎಂದರ್ಥ. ಎಣ್ಣೆ ಬೆಲ್ಲದ ಖರ್ಚು ಹೇಳುವುದಕ್ಕೆ ಮುನ್ನವೇ ಕೇಳುವವನು ಯಾರ ಕಡೆಯವನೆಂದು ತಿಳಿಯಬಯಸುವ ಜನ, ಮತ ಯಾರಿಗೆ ಎಂದು ಕೇಳಿದಾಗ ಏನು ಹೇಳಿಯಾರು? ಗುಜರಾತಿಗಳು ಸೌಜನ್ಯದಿಂದ "ಜೋಯೀಶು" ಎನ್ನುತ್ತಾರೆ, ನೋಡೋಣ ಎಂದು. ನಮ್ಮವರು "ಎಲ್ಲಾರೂ ಒಂದ ಬಿಡ್ರಿ" ಎನ್ನುತ್ತಾರೆ. ಎರಡೂ ಉತ್ತರಗಳಲ್ಲ, ಬಾಗಿಲು ಮುಚ್ಚುವ ಎರಡು ಸಭ್ಯ ರೀತಿಗಳು. ಹೀಗೆ ಬಾಗಿಲು ಮುಚ್ಚಿಕೊಂಡವರ ಲೆಕ್ಕವನ್ನು ಬಾಗಿಲು ತೆರೆದವರ ಲೆಕ್ಕದಿಂದ ಊಹಿಸಿದಾಗ ತಪ್ಪು ನುಸುಳುತ್ತದೆ.

ನಾಲ್ಕನೆಯದು ನಮ್ಮೆಲ್ಲರ ದೋಷ. ನಾವು ನಿಂತ ಓಣಿಯನ್ನೇ ದೇಶವೆಂದು ಭಾವಿಸುತ್ತೇವೆ. 1977ರ ಮಾರ್ಚ್ ತಿಂಗಳಲ್ಲಿ ನಾನು ಪ್ರಾಥಮಿಕ ಶಾಲೆಯ ವಿದ್ಯಾರ್ಥಿ. ನಮ್ಮ ಓಣಿಯ ಹಿರಿಯರು ಇಂದಿರಾ ಗಾಂಧಿಯವರ ಗೆಲುವಿನ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲದೆ ರೇಡಿಯೋ ಸುತ್ತ ಕುಳಿತಿದ್ದರು. ಕರ್ನಾಟಕದ ಮಟ್ಟಿಗೆ ಅವರ ಊಹೆ ಸರಿಯಾಗಿತ್ತು. 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. ಆದರೆ ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಸ್ಥಾನಗಳಲ್ಲಿ ಆ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಪ್ರಧಾನಿಯವರೇ ರಾಯಬರೇಲಿಯಲ್ಲಿ ಸೋತರು. ಗುಜರಾತ್‌ನಲ್ಲಿ ಜನತಾ ಪಕ್ಷಕ್ಕೆ 16, ಕಾಂಗ್ರೆಸ್ಸಿಗೆ 10. ಒಂದೇ ದೇಶ, ಒಂದೇ ವಾರ, ಮೂರು ಬೇರೆ ತೀರ್ಪುಗಳು.

ಒಂದೇ ಮತದಾರ ಎರಡು ತೀರ್ಪು ಕೊಟ್ಟದ್ದನ್ನೂ ನಮ್ಮ ನಾಡು ಕಂಡಿದೆ. 1984ರ ಡಿಸೆಂಬರಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ ಗೆದ್ದಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ನೈತಿಕ ಹೊಣೆ ಹೊತ್ತು ವಿಧಾನಸಭೆಗೆ ಹೊಸ ಚುನಾವಣೆ ಕೋರಿದರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ಮೂರು ತಿಂಗಳೂ ತುಂಬಿರಲಿಲ್ಲ. ದಿಲ್ಲಿಗೊಂದು ಲೆಕ್ಕ, ಬೆಂಗಳೂರಿಗೊಂದು ಲೆಕ್ಕ ಎಂದು ಮತದಾರ ಎರಡು ಖಾತೆ ಇಟ್ಟುಕೊಂಡಿದ್ದ. 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟು, ಮರುವರ್ಷದ ಲೋಕಸಭೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ 17, ಕಾಂಗ್ರೆಸ್ಸಿಗೆ 9, ಜಾತ್ಯತೀತ ಜನತಾ ದಳಕ್ಕೆ 2 ಎಂದು ಹಂಚಿದಾಗಲೂ ಅವನು ಅದೇ ಎರಡು ಖಾತೆಗಳನ್ನು ತೆರೆದ. 2004ರಲ್ಲಿ "ಇಂಡಿಯಾ ಶೈನಿಂಗ್" ಎಂಬ ಘೋಷಣೆಯ ನಡುವೆ ಅವಧಿಗೆ ಮುನ್ನವೇ ಚುನಾವಣೆ ಬಂದಾಗ ವಾಜಪೇಯಿಯವರ ಸರ್ಕಾರ ಮರಳುವುದೆಂದು ಸಮೀಕ್ಷೆಗಳು ಹೇಳಿದ್ದವು. ಕಾಂಗ್ರೆಸ್ 145, ಭಾರತೀಯ ಜನತಾ ಪಕ್ಷ 138 ಎಂದು ಫಲಿತಾಂಶ ಬಂದಿತು. ಗುಜರಾತ್‌ನಲ್ಲಿ ಕೂಡ ಆ ಸಲ 14 ಮತ್ತು 12ರ ಸಮೀಪದ ಸ್ಪರ್ಧೆ. 2014 ಮತ್ತು 2019ರಲ್ಲಿ ಇಲ್ಲಿಯ 26ಕ್ಕೆ 26ನ್ನೂ ಒಂದೇ ಪಕ್ಷ ಗೆದ್ದ ಮೇಲೆ, 2024ರಲ್ಲಿಯೂ ಹಾಗೆಯೇ ಎಂದು ನಂಬಿದವರಿಗೆ ಬನಾಸಕಾಂಠಾ ಸುಮಾರು 30 ಸಾವಿರ ಮತಗಳ ಅಂತರದಿಂದ ಬೇರೆ ಉತ್ತರ ಕೊಟ್ಟಿತು.

ಸೂರತ್‌ನಿಂದ ಬಂದ ಮಿತ್ರರು ನಗುತ್ತಿದ್ದಾರೆ. ಹೌದು, 2024ರಲ್ಲಿ ಸಮೀಕ್ಷೆಯ ಅಗತ್ಯವೇ ಇಲ್ಲದೆ ಫಲಿತಾಂಶ ಗೊತ್ತಾದ ಕ್ಷೇತ್ರ ನಿಮ್ಮದೊಂದೇ. ಸೂಚಕರ ಸಹಿಯ ವಿವಾದದಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು. ಉಳಿದವರು ನಾಮಪತ್ರ ಹಿಂತೆಗೆದುಕೊಂಡರು. ಏಪ್ರಿಲ್ 22ರಂದು ಭಾರತೀಯ ಜನತಾ ಪಕ್ಷದ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದರು. ಇದರ ಸರಿತಪ್ಪು ನನ್ನ ಮಾತಿನ ವಿಷಯವಲ್ಲ. ಆದರೆ ಮೇ 7ರಂದು ಗುಜರಾತೆಲ್ಲ ಸರದಿಯಲ್ಲಿ ನಿಂತಾಗ ಮನೆಯಲ್ಲಿ ಕುಳಿತಿದ್ದ ಸೂರತ್‌ನ ಕನ್ನಡಿಗರೊಬ್ಬರು ನನಗೆ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ: "ಗೆಲ್ಲೋರು ಯಾರು ಅಂತ ನಮಗ ಮೊದಲ ಗೊತ್ತಿತ್ತು. ಆದರ ಗೊತ್ತಿರೋದ ಬ್ಯಾರೆ, ಬೆರಳಿಗೆ ಮಸಿ ಹಚ್ಚಿಸಿಕೊಳ್ಳೋದ ಬ್ಯಾರೆ." ಭವಿಷ್ಯವೆಂಬುದು ನೂರಕ್ಕೆ ನೂರು ಖಚಿತವಾದರೆ ಚುನಾವಣೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ದೊರೆತಿಲ್ಲ.

ಈಗ ನನ್ನ ಎರಡನೆಯ ಕಾರಣಕ್ಕೆ ಬರುತ್ತೇನೆ. ವಡೋದರಾದ ಹಿರಿಯರಲ್ಲಿ ಕೆಲವರಿಗೆ ಇದು ನೆನಪಿರಬಹುದು.

1996ರಲ್ಲಿ ನಾನು ವಡೋದರಾದಲ್ಲಿದ್ದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ಕೆಲಸಕ್ಕೆ ಸೇರಿದ ಹೊಸತು, ವಯಸ್ಸು ಇಪ್ಪತ್ತೆಂಟು, ಗೊತ್ತಿರುವುದಕ್ಕಿಂತ ಗೊತ್ತಿದೆ ಎಂಬ ಭಾವನೆಯೇ ಹೆಚ್ಚು. ರಾಮನವಮಿಯ ಪಾನಕ ಕೋಸಂಬರಿಗೆ ಕನ್ನಡ ಕುಟುಂಬಗಳು ಸೇರಿದ್ದವು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವವರು ಟಿಕೆಟ್ಟನ್ನು ಮತದಾನಕ್ಕೆ ಮುನ್ನ ಮಾಡಿಸುವುದೇ, ನಂತರ ಮಾಡಿಸುವುದೇ ಎಂದು ಚರ್ಚಿಸುತ್ತಿದ್ದರು. 1991ರಲ್ಲಿ ಆ ಕ್ಷೇತ್ರದಿಂದ ರಾಮಾಯಣ ಧಾರಾವಾಹಿಯ ಸೀತೆ, ದೀಪಿಕಾ ಚಿಖಲಿಯಾ, ಭಾರತೀಯ ಜನತಾ ಪಕ್ಷದಿಂದ ಗೆದ್ದಿದ್ದರು. ನಾನು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಹಿಂದಿನ ಅಂಕಿಗಳನ್ನು ಬರೆದು, ಕೂಡಿ ಕಳೆದು, "ಇಲ್ಲಿಯ ಫಲಿತಾಂಶ ನಿಶ್ಚಿತ. ಅಂತರ ಹತ್ತಾರು ಸಾವಿರದ್ದು. ನಿಮ್ಮ ನಾಲ್ಕು ಮತಗಳಿಂದ ಏನೂ ಬದಲಾಗುವುದಿಲ್ಲ, ನಿಶ್ಚಿಂತೆಯಿಂದ ಹೋಗಿಬನ್ನಿ" ಎಂದೆ. ಸಂಖ್ಯಾಶಾಸ್ತ್ರದವನ ಮಾತು, ಜನ ನಂಬಿದರು. ನಾಲ್ಕು ಕುಟುಂಬಗಳು ಮುಂಚೆಯೇ ರೈಲು ಹತ್ತಿದವು. ಮತದಾನದ ದಿನ ನಾನೂ ಮನೆಯಲ್ಲಿಯೇ ಉಳಿದೆ. ಬಿಸಿಲು ಕಾರಣವಾಗಿರಲಿಲ್ಲ, ನನ್ನ ಲೆಕ್ಕವೇ ಕಾರಣವಾಗಿತ್ತು.

ಆ ಸಲ ವಡೋದರಾದಲ್ಲಿ ಕಾಂಗ್ರೆಸ್ಸಿನ ಸತ್ಯಜಿತ್‌ಸಿಂಹ ಗಾಯಕವಾಡರು ಗೆದ್ದರು. ಅಂತರ ಹದಿನೇಳು ಮತಗಳು. ಹದಿನೇಳು ಸಾವಿರವಲ್ಲ, ಹದಿನೇಳು. ಗುಜರಾತಿನಲ್ಲಿ ಆ ಚುನಾವಣೆಯಲ್ಲಿ ಮತ ಚಲಾಯಿಸಿದವರು ಸುಮಾರು ಶೇ. 36 ಮಾತ್ರ. ನನ್ನಂಥ ಲೆಕ್ಕಿಗರು ಊರಿಗೊಬ್ಬರಿದ್ದಿರಬೇಕು.

ನನ್ನ ಮಾತಿನಿಂದ ತಪ್ಪಿಹೋದ ಮತಗಳನ್ನು ಎಷ್ಟೋ ಸಲ ಎಣಿಸಿದ್ದೇನೆ. ನನ್ನದನ್ನೂ ಸೇರಿಸಿ ಹನ್ನೊಂದು. ಹನ್ನೊಂದು ಹದಿನೇಳಕ್ಕಿಂತ ಕಡಿಮೆ. ಗಣಿತ ನನ್ನನ್ನು ಬಿಡುಗಡೆ ಮಾಡುತ್ತದೆ. ಆದರೆ ಆ ಹನ್ನೊಂದರಲ್ಲಿ ಒಂದು ಮತ ರೈಲ್ವೆಯಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರದು. ಧಾರವಾಡವೂ ವಡೋದರಾವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ, 1952ರ ಮೊದಲ ಚುನಾವಣೆಯಲ್ಲಿ, ಧಾರವಾಡದಲ್ಲಿ ಮತ ಹಾಕಿದವರು ಅವರು. ಅಲ್ಲಿಂದ ಮುಂದೆ ಒಂದನ್ನೂ ತಪ್ಪಿಸಿರಲಿಲ್ಲ. ಆ ವರ್ಷ ಮೊಣಕಾಲು ನೋವಿತ್ತು. ಆದರೂ ಹೊರಟವರು ನನ್ನ ಮಾತು ನೆನೆದು ಉಳಿದರಂತೆ. ಫಲಿತಾಂಶದ ಮರುದಿನ ನಾನು ಅವರ ಮನೆಗೆ ಹೋದಾಗ ಬೈಯಲಿಲ್ಲ. ಚಹಾ ತರಿಸಿ, "ಏನೋ ತಮ್ಮಾ, ನಿನ್ನ ಲೆಕ್ಕದಾಗ ಹದಿನೇಳು ಎಲ್ಲಿತ್ತೋ?" ಎಂದು ಮಾತ್ರ ಕೇಳಿದರು. ಮರುವರ್ಷ ತೀರಿಕೊಂಡರು. 1998ರ ಚುನಾವಣೆ ಅವರಿಗೆ ಸಿಗಲಿಲ್ಲ. ಅವರು ಯಾರಿಗೆ ಮತ ಹಾಕುತ್ತಿದ್ದರೋ ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಅವರ ಕೊನೆಯ ಮತವನ್ನು ನನ್ನ ಜಾಣತನ ತಿಂದುಹಾಕಿತು ಎಂಬುದಷ್ಟೇ ನನಗೆ ತಿಳಿದಿದೆ.

ಅದೇ ಬೇಸಿಗೆಯಲ್ಲಿ ದೇಶದ ಮಟ್ಟದಲ್ಲಿ ಇನ್ನೊಂದು ಪಾಠವೂ ಆಯಿತು. ಭಾರತೀಯ ಜನತಾ ಪಕ್ಷಕ್ಕೆ 161, ಕಾಂಗ್ರೆಸ್ಸಿಗೆ 140 ಸ್ಥಾನ ಬಂದ ಆ ಅತಂತ್ರ ಲೋಕಸಭೆಯಲ್ಲಿ, ಕೇವಲ 46 ಸ್ಥಾನಗಳಿದ್ದ ಜನತಾ ದಳದಿಂದ, ಲೋಕಸಭೆಗೆ ಸ್ಪರ್ಧಿಸಿಯೂ ಇರದ ಕರ್ನಾಟಕದ ಮುಖ್ಯಮಂತ್ರಿ ದೇವೇಗೌಡರು ಜೂನ್ 1ರಂದು ಪ್ರಧಾನಿಯಾದರು. ಫಲಿತಾಂಶ ತಿಳಿದ ಮೇಲೂ ಸರ್ಕಾರ ಯಾರದೆಂಬುದು ತಿಳಿಯುವುದಿಲ್ಲ ಎಂದು ಆಗ ಅರ್ಥವಾಯಿತು.

ಮುಂದೆ ಚುನಾವಣೆಗಳಲ್ಲಿ ಸೂಕ್ಷ್ಮ ವೀಕ್ಷಕನಾಗಿ ಮತಗಟ್ಟೆಗಳಲ್ಲಿ ಕುಳಿತಿದ್ದೇನೆ. ಬೆಳಗಿನ ಅಣಕು ಮತದಾನದಿಂದ ಹಿಡಿದು ಸಂಜೆ ಯಂತ್ರಕ್ಕೆ ಮೊಹರು ಹಾಕುವವರೆಗೆ ಎಲ್ಲವೂ ನನ್ನ ಕಣ್ಣ ಮುಂದೆ. ಕಾಣದಿರುವುದು ರಟ್ಟಿನ ಮರೆಯ ಹಿಂದೆ ನಡೆಯುವ ಆ ಕೆಲವು ಕ್ಷಣಗಳು ಮಾತ್ರ. ನಾನು ಕಲಿತ ಶಾಸ್ತ್ರವೆಲ್ಲ ಆ ರಟ್ಟಿನ ಈಚೆಗೇ ನಿಲ್ಲುತ್ತದೆ. ಅದು ನಿಲ್ಲುವುದೇ ಸರಿ.

ಕಾರ್ಯದರ್ಶಿಗಳು ಇನ್ನೂ ಉತ್ತರದ ನಿರೀಕ್ಷೆಯಲ್ಲಿದ್ದಾರೆ. ಹದಿನೆಂಟನೆಯ ಲೋಕಸಭೆ 2024ರ ಜೂನ್ 24ರಂದು ಸೇರಿತು; ಮಧ್ಯದಲ್ಲಿ ವಿಸರ್ಜನೆಯಾಗದಿದ್ದರೆ 2029ರ ಬೇಸಿಗೆಯಲ್ಲಿ ಮುಂದಿನ ಚುನಾವಣೆ. ಅದರ ಬಗ್ಗೆ ಮೂರು ಭವಿಷ್ಯಗಳನ್ನು ಧೈರ್ಯವಾಗಿ ನುಡಿಯುತ್ತೇನೆ. ಒಂದು, ಆ ಸಲವೂ ಸಮೀಕ್ಷೆಗಳು ಬರುತ್ತವೆ. ಕೆಲವು ಸರಿಯಾಗುತ್ತವೆ, ಸರಿಯಾದವರು ಮಾತ್ರ ಜಾಹೀರಾತು ಕೊಡುತ್ತಾರೆ. ಎರಡು, ಎಲ್ಲೋ ಒಂದು ಕ್ಷೇತ್ರದಲ್ಲಿ ಕೈಬೆರಳೆಣಿಕೆಯ ಮತಗಳಿಂದ ಒಬ್ಬರು ಸೋಲುತ್ತಾರೆ. ಕರ್ನಾಟಕದ ಸಂತೇಮರಹಳ್ಳಿಯಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಮತದಿಂದ ಎಂಬುದನ್ನು ಮರೆಯದಿರಿ. ಮೂರು, ಈ ಸಭೆಯಲ್ಲಿರುವ ಕೆಲವರ ಹೆಸರು ಆ ದಿನ ಪಟ್ಟಿಯಲ್ಲಿ ಇರುವುದಿಲ್ಲ.

ಮೂರನೆಯದನ್ನು ಮಾತ್ರ ಸುಳ್ಳಾಗಿಸುವುದು ನಿಮ್ಮ ಕೈಯಲ್ಲಿದೆ. ನಾವು ವರ್ಗವಾಗುವ, ಮನೆ ಬದಲಿಸುವ ಜನ. ಹೆಸರು ಒಮ್ಮೆ ಹುಬ್ಬಳ್ಳಿಯಲ್ಲಿ, ಒಮ್ಮೆ ಮಣಿನಗರದಲ್ಲಿ, ಒಮ್ಮೆ ಎಲ್ಲಿಯೂ ಇಲ್ಲ. 2025ರ ಕೊನೆಯಲ್ಲಿ ಗುಜರಾತಿನಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ, ಎರಡು ದಶಕಗಳ ಹಿಂದಿನ ಪಟ್ಟಿಯಲ್ಲಿ ತಮ್ಮ ಅಥವಾ ತಂದೆತಾಯಿಯರ ಹೆಸರು ಎಲ್ಲಿತ್ತೆಂದು ಹುಡುಕಿ ನಮ್ಮಲ್ಲಿ ಎಷ್ಟು ಮನೆಗಳವರು ಊರಿಗೆ ದೂರವಾಣಿ ಮಾಡಿದರೆಂದು ನೀವೇ ಬಲ್ಲಿರಿ. ಆ ತಾಪತ್ರಯವನ್ನು ಮತದಾನದ ಹಿಂದಿನ ದಿನಕ್ಕೆ ಬಿಡಬೇಡಿ. ಸಂಘದ ಕಚೇರಿಯಲ್ಲಿ ತಿಂಗಳಿಗೊಂದು ಭಾನುವಾರ ಕುಳಿತು, ಹೊಸಬರಿಗೂ ವಯಸ್ಸಾದವರಿಗೂ ಅರ್ಜಿ ತುಂಬಿಕೊಡಲು ನಾನು ಸಿದ್ಧನಿದ್ದೇನೆ. ಯಾವ ಪಕ್ಷಕ್ಕೆ ಎಂದು ಕೇಳುವ ಅಧಿಕಾರ ನನಗಿಲ್ಲ, ಹೇಳುವ ಅಗತ್ಯ ನಿಮಗಿಲ್ಲ. ಫಲಿತಾಂಶ ಏನೆಂದು ಯಾರಾದರೂ ಮುಂಚಿತವಾಗಿ ಹೇಳಿದರೆ ಕೇಳಿಸಿಕೊಳ್ಳಿ. ಆದರೆ ಅದನ್ನು ಕೇಳಿ ಮನೆಯಲ್ಲಿ ಉಳಿಯಬೇಡಿ.

ಆ ಹಿರಿಯರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಹದಿನೇಳು ನನ್ನ ಲೆಕ್ಕದಲ್ಲಿ ಇರಲಿಲ್ಲ. ಮನೆಯಲ್ಲಿ ಉಳಿದ ನಮ್ಮಂಥವರಲ್ಲಿತ್ತು. ಈ ಮಾತನ್ನು ಅವರ ಎದುರು ಹೇಳಲಾಗದೆ ನಿಮ್ಮ ಎದುರು ಹೇಳಿದ್ದೇನೆ.